ಅಟ್ಟದ ಮೇಲಿನ ರೇಸ್ ಸೈಕಲ್ ಸೀಟನ್ನು ಗುಜರಿಗೆ ಹಾಕುವ ಮುನ್ನ

ದೋಹಾ: ಕತಾರಿನಲ್ಲಿ ಶುಕ್ರವಾರ ವಾರದ ರಜೆ. ಬೇಸಿಗೆಯಲ್ಲಿ ಸೂರ್ಯ ಮೇಲೇರುವ ಮೊದಲೇ ಸವಾರಿ ಮುಗಿಸಬೇಕು. ಹಾಗಾಗಿ ಇನ್ನೂ ಕತ್ತಲಿರುವಾಗಲೇ ಅಲ್ ಖೋರ್ ರಸ್ತೆಯ ಪಕ್ಕದ ಸೈಕಲ್ ಪಥದಲ್ಲಿ ದೀಪಗಳು ಸಾಲುಗಟ್ಟಿ ಓಡತೊಡಗುತ್ತವೆ. 32.869 ಕಿ.ಮೀ. ಉದ್ದದ ಈ ಪಥ ಜಗತ್ತಿನ ಅತಿ ಉದ್ದದ ಅಖಂಡ ಸೈಕಲ್ ಪಥವೆಂದು 2020ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅದಕ್ಕೂ ಮೊದಲು, 2002ರಿಂದ 2016ರವರೆಗೆ, ಇಲ್ಲಿ ಟೂರ್ ಆಫ್ ಕತಾರ್ ರೇಸ್ ನಡೆಯುತ್ತಿತ್ತು. 2016ರ ಅಕ್ಟೋಬರಿನಲ್ಲಿ ವಿಶ್ವ ರೋಡ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಕೂಡ ದೋಹಾದಲ್ಲೇ ಆಯಿತು. ಸೈಕಲ್ಲಿನ ಹುಚ್ಚು ನಮ್ಮವರಿಗೂ ಹತ್ತಿದೆ. ಮಂಗಳೂರು, ಉಡುಪಿ ಕಡೆಯವರ ಜೊತೆಗೆ ಸೈಕಲ್ ರೇಸಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರೂ ಆ ಸಾಲಿನಲ್ಲಿದ್ದಾರೆ.

ಹೊಸ ರೇಸ್ ಸೈಕಲ್ಲಿನ ಬೆಲೆ ಕೇಳಿದರೆ ಸಂಬಳದಾರ ಹಿಂದೆ ಸರಿಯುತ್ತಾನೆ. ಕೆಲಸ ಮುಗಿಸಿ ತಾಯ್ನಾಡಿಗೆ ಹೊರಟ ಯುರೋಪಿನವರು ಮಾರಿಹೋಗುವ ಹಳೆಯ ಸ್ಟೀಲ್ ಸೈಕಲ್ಲುಗಳು ಅನೇಕರಿಗೆ ಕೈಗೆಟಕುತ್ತವೆ. ಕೊಂಡವರು ಮೊದಲು ಮಾಡುವ ಕೆಲಸ, ಕಲ್ಲಿನಂತೆ ಗಟ್ಟಿಯಾಗಿ ಕಾಣುವ ಹಳೆಯ ಸೀಟನ್ನು ಕಿತ್ತು ಮೆತ್ತನೆಯ ಸೀಟು ಹಾಕಿಸುವುದು. ಅತ್ತ ಊರಿನಲ್ಲಿ ಅಪ್ಪನದೋ ಮಾವನದೋ ಹಳೆಯ ಸೈಕಲ್ಲಿನ ಸೀಟು ಅಟ್ಟದ ಮೇಲೆ ಧೂಳು ತಿನ್ನುತ್ತ ಗುಜರಿಯವನಿಗಾಗಿ ಕಾದಿರುತ್ತದೆ. ಎಸೆಯುವ ಮುನ್ನ ಅದು ಯಾವುದು ಎಂದು ಗುರುತಿಸಿ, ತನ್ನ ಮೈಗೆ ಕೂಡುತ್ತದೆಯೇ ಎಂದು ಅಳೆದು ನೋಡುವುದು ಅರ್ಧ ಗಂಟೆಯ ಕೆಲಸ.

ಜಮಖಂಡಿ ಕಡೆಯ ಎಂಜಿನಿಯರ್ ಮಿತ್ರರೊಬ್ಬರಿಗೆ ಕಳೆದ ಚಳಿಗಾಲದಲ್ಲಿ ಊರಿನಿಂದ ಫೋನ್ ಬಂತು. "ಅಟ್ಟದಾಗ ಜಾಗ ಇಲ್ಲಪ್ಪ, ನಾಳೆ ಗುಜರಿಯಂವಾ ಬರ್ತಾನ, ನಿಮ್ಮಪ್ಪನ ಸೈಕಲ್ ಕೊಟ್ಟಬಿಡ್ತೀನಿ" ಎಂದರು ತಾಯಿ. ತಂದೆ ವಯಸ್ಸಿನಲ್ಲಿ ರೇಸಿನಲ್ಲಿ ಓಡಿಸಿದವರು. ತೀರಿಕೊಂಡು ಆರು ವರ್ಷವಾಗಿದೆ. "ಅವ್ವಾ, ಒಂದು ದಿನ ತಡಿ. ಸೀಟು ಬೋರಲು ಹಾಕಿ ಅದರ ಕೆಳಗಿಂದು ಫೋಟೊ ಕಳಸು" ಎಂದು ಇವರು ಹೇಳಿದ್ದೇ ಆ ಸೀಟನ್ನು ಉಳಿಸಿತು. ಫ್ರೇಮ್ ತುಕ್ಕು ಹಿಡಿದು ಹೋಗಿತ್ತು. ಸೀಟು ಮಾತ್ರ ಗಟ್ಟಿಯಾಗಿತ್ತು.

ರೇಸ್ ಸೀಟು ಯಾವುದು?

ನಮ್ಮ ಊರುಗಳಲ್ಲಿ ಹಾಲಿನವರು, ಅಂಚೆಯವರು ಓಡಿಸುತ್ತಿದ್ದ ದೊಡ್ಡ ಸೈಕಲ್ಲಿನ ಸೀಟು ಅಗಲವಾಗಿರುತ್ತದೆ, ಅಡಿಯಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಬೆನ್ನು ನೇರ ಮಾಡಿ ಕೂರುವವರಿಗೆ ಅದು ಸರಿ. ರೇಸಿನವನು ಮುಂದಕ್ಕೆ ಬಾಗಿ ಕೂರುತ್ತಾನೆ, ತೊಡೆ ಒಂದೇ ಸಮನೆ ಆಡುತ್ತಿರುತ್ತದೆ. ಅದಕ್ಕೇ ರೇಸ್ ಸೀಟಿನ ಮೂತಿ ಕಿರಿದು, ಹಿಂಭಾಗವೂ ಹೆಚ್ಚು ಅಗಲವಿಲ್ಲ, ಸ್ಪ್ರಿಂಗ್ ಇರುವುದಿಲ್ಲ. ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಎರಡು ಕಂಬಿಗಳು ಹಾದುಹೋಗಿರುತ್ತವೆ, ಅಷ್ಟೇ.

ಹಳೆಯ ರೇಸ್ ಸೀಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಚರ್ಮದ್ದು. ದಪ್ಪ ಚರ್ಮವೊಂದನ್ನು ಮುಂದೆ ಮೂತಿಗೂ ಹಿಂದೆ ಲೋಹದ ಪಟ್ಟಿಗೂ ರಿವೆಟ್ ಹೊಡೆದು ಜೋಲಿಯಂತೆ ಬಿಗಿದಿರುತ್ತಾರೆ. ಒಳಗೆ ಸ್ಪಂಜು ಇಲ್ಲ, ತಗಡೂ ಇಲ್ಲ. ಇದರಲ್ಲಿ ಹೆಸರಾದದ್ದು ಇಂಗ್ಲೆಂಡಿನ ಬ್ರೂಕ್ಸ್. ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಕುದುರೆ ಸಾಮಾನಿನ ಚರ್ಮದ ಕೆಲಸವಾಗಿ ಆರಂಭವಾದ ಕಂಪನಿ ಅದು. ಕುದುರೆ ಸತ್ತು ಸೈಕಲ್ ಹತ್ತಿದ ಮಾಲೀಕ ಜಾನ್ ಬೋಲ್ಟ್‌ಬೀ ಬ್ರೂಕ್ಸ್, ಅದರ ಸೀಟಿನ ಕಾಟ ತಾಳಲಾರದೆ ತಾನೇ ಸೀಟು ಮಾಡಲು ಕೂತನೆಂಬ ಕಥೆಯನ್ನು ಕಂಪನಿಯೇ ಹೇಳಿಕೊಳ್ಳುತ್ತದೆ. 1882ರಲ್ಲಿ ಮೊದಲ ಪೇಟೆಂಟ್ ಪಡೆಯಿತು. 2002ರಿಂದ ಅದು ಇಟಲಿಯ ಸೆಲ್ಲೆ ರಾಯಲ್ ಕೈಯಲ್ಲಿದೆ. ಫ್ರಾನ್ಸಿನ ಇದಿಯಾಲ್ ಕೂಡ ಇದೇ ಜಾತಿಯದು.

ಎರಡನೆಯದು ಪ್ಲಾಸ್ಟಿಕ್ ಚಿಪ್ಪಿನದು. 1960ರ ದಶಕದಲ್ಲಿ ಇಟಲಿಯ ಸಿನೆಲ್ಲಿ ಕಂಪನಿಯ ಯೂನಿಕಾನಿಟರ್ ಸೀಟು ಈ ದಾರಿಯನ್ನು ತೆರೆಯಿತು. ಚರ್ಮವನ್ನು ಪಳಗಿಸುವ ಕಷ್ಟವಿಲ್ಲ, ಮಳೆಗೆ ಹೆದರಬೇಕಿಲ್ಲ, ತೂಕವೂ ಕಡಿಮೆ. ಮುಂದೆ ಚಿಪ್ಪಿನ ಮೇಲೆ ತೆಳುವಾದ ಸ್ಪಂಜು, ಅದರ ಮೇಲೆ ಚರ್ಮದ ಹೊದಿಕೆ ಬಂತು. ಸೆಲ್ಲೆ ಇಟಾಲಿಯಾದ ಟರ್ಬೊ, ಸೆಲ್ಲೆ ಸ್ಯಾನ್ ಮಾರ್ಕೊದ ಕಾಂಕೋರ್, ರೋಲ್ಸ್ ಮತ್ತು ರೀಗಲ್ ಆ ಕಾಲದವು. 1990ರಲ್ಲಿ ಟೈಟಾನಿಯಂ ಕಂಬಿಯ ಫ್ಲೈಟ್ ಬಂದಮೇಲೆ ಹಗುರ ಸೀಟುಗಳ ಕಾಲ ಶುರುವಾಯಿತು.

ಹೆಸರಿಗಿಂತ ಮೊದಲು ಅಡಿಭಾಗ ನೋಡಿ

ಲೆಕ್ಕಪತ್ರ ನೋಡುವವರು ಮೊತ್ತವನ್ನು ನಂಬುವುದಿಲ್ಲ, ರಸೀದಿ ಕೇಳುತ್ತಾರೆ. ಸೀಟಿನ ರಸೀದಿ ಇರುವುದು ಅದರ ಅಡಿಯಲ್ಲಿ. ಬ್ರೂಕ್ಸ್ ಸೀಟಿನ ಪಕ್ಕದ ಚರ್ಮದಲ್ಲಿ ಹೆಸರು ಒತ್ತಿರುತ್ತದೆ, ಹಿಂಬದಿಯಲ್ಲಿ ಪುಟ್ಟ ಲೋಹದ ಬಿಲ್ಲೆ ಇರುತ್ತದೆ. ಬೋರಲು ಹಾಕಿ ಹಿಂದಿನ ಲೋಹದ ಪಟ್ಟಿಯನ್ನು ಒರೆಸಿ ನೋಡಿದರೆ ಹಳೆಯ ಅನೇಕ ಸೀಟುಗಳಲ್ಲಿ ಒಂದು ಅಕ್ಷರ, ಎರಡು ಅಂಕಿ ಕಾಣುತ್ತವೆ. ಅಂಕಿ ತಯಾರಾದ ವರ್ಷ, ಅಕ್ಷರ ಆ ವರ್ಷದ ತ್ರೈಮಾಸಿಕ. ಜಮಖಂಡಿಯಿಂದ ಬಂದ ಫೋಟೊದಲ್ಲಿ ಇದ್ದದ್ದು 'ಬಿ 72'. ಅಂದರೆ 1972ರ ಏಪ್ರಿಲ್‌ನಿಂದ ಜೂನ್ ಒಳಗಿನದು. ಪಕ್ಕದಲ್ಲಿ 'ಪ್ರೊಫೆಷನಲ್' ಎಂಬ ಮಾದರಿಯ ಹೆಸರು, ಮೇಲೆ ಸುತ್ತಿಗೆಯಲ್ಲಿ ಬಡಿದ ದೊಡ್ಡ ತಾಮ್ರದ ರಿವೆಟ್. ಅಪ್ಪ ರೇಸಿಗಾಗಿಯೇ ತರಿಸಿದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಟರ್ಬೊ, ರೋಲ್ಸ್, ಯೂನಿಕಾನಿಟರ್ ಹೆಸರಿನ ಸೀಟುಗಳನ್ನು ಕಂಪನಿಗಳು ಮತ್ತೆ ತಯಾರಿಸಿ ಮಾರಿವೆ. ಬ್ರೂಕ್ಸಿನ ಬಿ17 ಮಾದರಿ 19ನೇ ಶತಮಾನದ ಕೊನೆಯಿಂದ ಇವತ್ತಿನವರೆಗೂ ನಿಂತಿಲ್ಲ. ಆದ್ದರಿಂದ ಹೆಸರೊಂದನ್ನೇ ನೋಡಿ 'ಹಳೆಯದು' ಎಂದು ಹೆಚ್ಚು ದುಡ್ಡು ಕೊಡಬಾರದು.

ಬೆಲೆ ಕಟ್ಟುವುದು ಸ್ಥಿತಿಯ ಮೇಲೆ. ಚರ್ಮದಲ್ಲಿ ರಿವೆಟ್ ಸುತ್ತ ಸೀಳು ಬಿಟ್ಟಿದೆಯೇ? ಹೆಬ್ಬೆರಳಲ್ಲಿ ಒತ್ತಿದರೆ ಒದ್ದೆ ರಟ್ಟಿನಂತೆ ಕುಸಿಯುತ್ತದೆಯೇ? ಮೂತಿಯೊಳಗೆ ಚರ್ಮ ಬಿಗಿಮಾಡುವ ಬೋಲ್ಟ್ ಇರುತ್ತದೆ; ಅದು ಪೂರ್ತಿ ತಿರುಗಿ ಕೊನೆ ಮುಟ್ಟಿದೆಯೇ? ಮುಟ್ಟಿದ್ದರೆ ಆ ಚರ್ಮದ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ತಿಳಿಯಬಹುದು. ಪ್ಲಾಸ್ಟಿಕ್ ಚಿಪ್ಪಿನದಾದರೆ ಕಂಬಿ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕನ್ನು ಹುಡುಕಬೇಕು. ಕಂಬಿ ಬಾಗಿದ್ದರೆ, ಅದರಲ್ಲಿ ಬಿರುಕಿದ್ದರೆ ಎಷ್ಟೇ ದೊಡ್ಡ ಹೆಸರಿರಲಿ, ಅದು ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು. ಓಡುವಾಗ ಮುರಿದರೆ ಬೀಳುವುದು ಡಾಂಬರಿನ ಮೇಲೆ.

ಸೈಕಲ್ಲಿಗೆ ಕೂಡಬೇಕು

ರೇಸ್ ಸೀಟಿನ ಕಂಬಿ ಸಾಮಾನ್ಯವಾಗಿ 7 ಮಿ.ಮೀ. ದಪ್ಪದ ದುಂಡು ಕಂಬಿ. ಸೀಟ್ ಪೈಪಿನ ತಲೆಯಲ್ಲಿರುವ ಹಿಡಿಕೆಗೆ ಇದು ಕೂಡುತ್ತದೆ. ಹಳೆಯ ಸಾದಾ ಪೈಪಿನ ತುದಿ 22.2 ಮಿ.ಮೀ. ಇರುತ್ತದೆ, ಅದಕ್ಕೆ ಎರಡೂ ಕಡೆ ನಟ್ಟಿರುವ ಬೇರೆ ಕ್ಲ್ಯಾಂಪ್ ಬೇಕು. ಕಾರ್ಬನ್ ಸೀಟುಗಳಿಗೆಂದು ಮಾಡಿದ, ಮೊಟ್ಟೆಯಾಕಾರದ ಕಂಬಿ ಹಿಡಿಯುವ ಕ್ಲ್ಯಾಂಪಿಗೆ ದುಂಡು ಕಂಬಿಯನ್ನು ಬಲವಂತದಿಂದ ಬಿಗಿಯಬಾರದು. ಫ್ರೇಮಿನೊಳಗೆ ಇಳಿಯುವ ಪೈಪಿನ ಅಳತೆಯೂ ಮುಖ್ಯ. ಒಳ್ಳೆಯ ಸ್ಟೀಲ್ ರೇಸ್ ಫ್ರೇಮುಗಳಲ್ಲಿ 27.2 ಮಿ.ಮೀ. ಹೆಚ್ಚಾಗಿ ಕಾಣುತ್ತದೆ, ಆದರೆ 26.8, 26.4 ಇರುವವೂ ಇವೆ. 0.2 ಮಿ.ಮೀ. ವ್ಯತ್ಯಾಸವಾದರೂ ಪೈಪ್ ಜಾರುತ್ತದೆ ಇಲ್ಲವೆ ಸಿಕ್ಕಿಕೊಳ್ಳುತ್ತದೆ. ಹಳೆಯ ಪೈಪಿನ ಮೇಲೆ ಒತ್ತಿರುವ ಅಳತೆಯನ್ನು ಓದಿಕೊಂಡೇ ಅಂಗಡಿಗೆ ಹೋಗಿ.

ಬ್ರೂಕ್ಸ್ ಸೀಟಿನ ಕಂಬಿಯಲ್ಲಿ ನೆಟ್ಟಗಿರುವ ಭಾಗ ಚಿಕ್ಕದು. ಹಾಗಾಗಿ ಸೀಟನ್ನು ಹಿಂದೆ ಮುಂದೆ ಸರಿಸಲು ಹೆಚ್ಚು ಅವಕಾಶವಿಲ್ಲ. ನಮ್ಮ ಎಂಜಿನಿಯರಿಗೂ ಇದೇ ತೊಡಕಾಯಿತು. ತಲೆ ಹಿಂದಕ್ಕೆ ಚಾಚಿರುವ ಪೈಪ್ ಹಾಕಿಸಿದ ಮೇಲೆ ಸೀಟು ಬೇಕಾದ ಜಾಗಕ್ಕೆ ಬಂತು.

ಮೈಗೆ ಕೂಡಬೇಕು

ಸೀಟಿನ ಮೇಲೆ ನಮ್ಮ ಭಾರ ಹೊರಬೇಕಾದದ್ದು ಕೂರುವ ಎರಡು ಮೂಳೆಗಳು, ನಡುವಿನ ಮೆದು ಭಾಗವಲ್ಲ. ಆ ಅಂತರವನ್ನು ಮನೆಯಲ್ಲೇ ಅಳೆಯಬಹುದು. ಗಟ್ಟಿ ಕುರ್ಚಿಯ ಮೇಲೆ ಪೆಟ್ಟಿಗೆಯ ಸುಕ್ಕುರಟ್ಟಿನ ತುಂಡು ಹಾಕಿ, ಪಾದದಡಿ ಸಣ್ಣ ಮಣೆ ಇಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಕೂರಿ. ಎದ್ದಾಗ ರಟ್ಟಿನಲ್ಲಿ ಎರಡು ಗುಳಿ ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, 2ರಿಂದ 2.5 ಸೆಂ.ಮೀ. ಕೂಡಿಸಿ. ಸೀಟಿನ ಅಗಲ ಸುಮಾರು ಅಷ್ಟಿರಬೇಕು. ನಮ್ಮ ಮಿತ್ರರದು 13 ಸೆಂ.ಮೀ., ಕೂಡಿಸಿದರೆ 15.5. ಅಪ್ಪನ ಸೀಟು 16 ಸೆಂ.ಮೀ. ಇತ್ತು. ಹೊಂದಿಕೆಯಾಯಿತು. ಚರ್ಮದ ಸೀಟಿನಲ್ಲಿ ಇನ್ನೊಂದು ಎಚ್ಚರ: ಮೂಳೆ ಹಿಂದಿನ ಲೋಹದ ಪಟ್ಟಿಯ ಅಂಚಿನ ಮೇಲೆ ಬರಬಾರದು. ಹಾಗೆ ಬಂದರೆ ಸೀಟು ಕಿರಿದಾಯಿತು ಎಂದರ್ಥ.

ಎತ್ತರಕ್ಕೆ ಹಳೆಯ ಸೂತ್ರವೊಂದಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ನೆಲದಿಂದ ತೊಡೆಸಂದಿಯವರೆಗೆ ಅಳೆದು 0.883ರಿಂದ ಗುಣಿಸಿ. 82 ಸೆಂ.ಮೀ. ಇದ್ದರೆ 72.4 ಬರುತ್ತದೆ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರ ಇಟ್ಟು ಶುರುಮಾಡಿ. ಲೆಕ್ಕ ಬೇಡವೆನ್ನುವವರಿಗೆ ಸುಲಭ ದಾರಿ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದು ಕೆಳಗೆ ಬಂದಾಗ ಮೊಣಕಾಲು ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಮಟ್ಟಗೋಲಿಟ್ಟು ಸೀಟನ್ನು ಸಮ ಮಾಡಿ. ಚರ್ಮದ್ದಾದರೆ ಮೂತಿ ಕೂದಲಷ್ಟು ಮೇಲಿರಲಿ, ಇಲ್ಲದಿದ್ದರೆ ಮೈ ಮುಂದಕ್ಕೆ ಜಾರಿ ಕೈಗೆ ಭಾರ ಬೀಳುತ್ತದೆ. ಒಂದು ಸಲಕ್ಕೆ ಒಂದೇ ಅಳತೆ ಬದಲಿಸಿ, ಎರಡು ಮೂರು ಸವಾರಿ ಮಾಡಿ ನೋಡಿ.

ನೋವಾಗುತ್ತದೆಂದು ದಪ್ಪ ಜೆಲ್ ಕವಚ ಹಾಕುವವರು ಬಹಳ. ಮೂಳೆ ಅದರೊಳಗೆ ಹೂತುಹೋಗಿ ನಡುವಿನ ಭಾಗ ಮೇಲೊತ್ತುತ್ತದೆ, ಜುಮ್ಮೆನ್ನುವುದು ಹೆಚ್ಚುತ್ತದೆ. ತೊಡೆಸಂದಿ ಮರಗಟ್ಟುವುದನ್ನು 'ಅಭ್ಯಾಸವಾಗುತ್ತದೆ' ಎಂದು ಬಿಡಬಾರದು. ಸೀಟಿನ ಅಗಲ, ಎತ್ತರ, ಓರೆ ಸರಿಮಾಡಿದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಬೇಕು. ವಾರಕ್ಕೊಮ್ಮೆ ರೇಸ್ ಸೈಕಲ್ ತುಳಿಯುವವರಿಗಷ್ಟೇ ಅಲ್ಲ, ಕ್ಯಾಂಪಿನಿಂದ ಅಂಗಡಿಗೆ, ಕೆಲಸಕ್ಕೆ ದಿನವೂ ಸಾದಾ ಸೈಕಲ್ ತುಳಿಯುವ ನಮ್ಮ ಸಹೋದರರಿಗೂ ಈ ಮಾತು ಸಲ್ಲುತ್ತದೆ.

ಅಲ್ಲಿ ಮಳೆ, ಇಲ್ಲಿ ಬಿಸಿಲು

ಚರ್ಮಕ್ಕೆ ಎರಡೂ ಶತ್ರು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ನೆರಳಿನಲ್ಲಿಡಿ, ಒಲೆಯ ಮುಂದೆ ಒಣಗಿಸಬೇಡಿ. ದೋಹಾದಲ್ಲಿ ಮುಚ್ಚಿದ ಕಾರಿನ ಡಿಕ್ಕಿಯ ಬಿಸಿಗೆ ಚರ್ಮ ಒಣಗಿ ಬಿರಿಯುತ್ತದೆ, ಬೆವರಿನ ಉಪ್ಪು ಸೇರಿದರೆ ಇನ್ನೂ ಬೇಗ. ಸೀಟಿಗೆಂದೇ ಸಿಗುವ ಮೇಣದಂಥ ಲೇಪವನ್ನು ಆಗಾಗ ತೆಳುವಾಗಿ ಹಚ್ಚಿದರೆ ಸಾಕು. ಕೊಬ್ಬರಿ ಎಣ್ಣೆ ಸುರಿದರೆ ಚರ್ಮ ಮೆತ್ತಗಾಗಿ ಜೋಲುತ್ತದೆ. ಜೋತ ಚರ್ಮವನ್ನು ಬೋಲ್ಟಿನಿಂದ ಎಳೆದು ಬಿಗಿದರೆ ರಿವೆಟ್ ಬಳಿ ಹರಿಯುತ್ತದೆ. ಬಿಗಿಮಾಡಲೇಬೇಕಾದರೆ ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ.

ಊರಿನಲ್ಲಿರುವ ನಿಮಗೆ

ಮನೆಯಲ್ಲಿ ಹಳೆಯ ರೇಸ್ ಸೈಕಲ್ ಇದ್ದರೆ ಗುಜರಿಯವನಿಗೆ ಕೊಡುವ ಮುನ್ನ ಸೀಟಿನ ಐದು ಫೋಟೊ ತೆಗೆದು ಹೊರದೇಶದಲ್ಲಿರುವ ಮಗನಿಗೋ ಅಳಿಯನಿಗೋ ಕಳಿಸಿ: ಮೇಲಿನಿಂದ, ಪಕ್ಕದಿಂದ, ಹಿಂಬದಿಯ ಬಿಲ್ಲೆ, ಅಡಿಯ ಲೋಹದ ಪಟ್ಟಿ, ಕಂಬಿ. ಹಿಂಭಾಗದ ಅಗಲವನ್ನು ಟೇಪಿನಲ್ಲಿ ಅಳೆದು ಬರೆಯಿರಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಸೈಕಲ್ ಸಾಗಿಸುವುದು ದುಬಾರಿ, ಸೀಟು ಹಾಗಲ್ಲ. ತೂಕ ಅರ್ಧ ಕಿಲೋ ಆಸುಪಾಸು. ಬರುವವರ ಚೀಲದಲ್ಲಿ ಹಪ್ಪಳ, ಚಟ್ನಿಪುಡಿಯ ಪಕ್ಕದಲ್ಲಿ ಬಟ್ಟೆ ಸುತ್ತಿ ಇಟ್ಟರೆ ಬಂದು ಸೇರುತ್ತದೆ.

ಬಂದ ಸೀಟು ಎಲ್ಲರಿಗೂ ಕೂಡುತ್ತದೆಂದಿಲ್ಲ. ಚರ್ಮದ ಸೀಟು ವರ್ಷಗಟ್ಟಲೆ ಕೂತವನ ಮೂಳೆಗೆ ತಕ್ಕಂತೆ ತಗ್ಗುತ್ತದೆ. ಜಮಖಂಡಿಯ ಸೀಟಿನಲ್ಲಿ ಅಪ್ಪ ಕೂತ ಎರಡು ತಗ್ಗು ಇನ್ನೂ ಹಾಗೇ ಇದ್ದವು, ಮಗನ ಅಳತೆಗೆ ಅವು ಹೆಚ್ಚುಕಡಿಮೆ ಸರಿಹೊಂದಿದವು. ಹೊಂದದಿದ್ದರೆ ಆ ಸೀಟು ತುಳಿಯುವುದಕ್ಕಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ಯಾವುದೆಂಬುದನ್ನು ಟೇಪು ಹೇಳುತ್ತದೆ. ಕೇಳುವವರೆಗೆ ಗುಜರಿಯವನನ್ನು ಒಂದು ದಿನ ತಡೆಯಿರಿ.