ನೀಲಿ ಬೆಳಕಿನ ಸುಳಿವು

ಗಾಜಿನ ತಟ್ಟೆಯ ಮೇಲೆ ಸಾಸಿವೆ ಕಾಳಿನಂಥ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೇ ತಾಯಿಕೋಶದಿಂದ ಹುಟ್ಟಿದ ಪಾಚಿಯ ದೊಡ್ಡ ಸಂಸಾರ. ತಟ್ಟೆಯ ಮೇಲೆ ಪ್ರಖರವಾದ ಬೆಳಕು ಬಿಟ್ಟು, ಮೇಲಿನಿಂದ ವಿಡಿಯೊ ಕ್ಯಾಮೆರಾ ಹಿಡಿಯುತ್ತಾರೆ. ಪತ್ರಹರಿತ್ತು ತಾನು ಹೀರಿದ ಬೆಳಕಿನಲ್ಲಿ ಒಂದು ಸಣ್ಣ ಪಾಲನ್ನು ಕೆಂಪು ಹೊಳಪಾಗಿ ಹೊರಗೆ ಚೆಲ್ಲುತ್ತದೆ; ಕ್ಯಾಮೆರಾ ಹುಡುಕುವುದು ಅದನ್ನೇ. ಕೆಲವು ನಿಮಿಷಗಳಲ್ಲಿ ಚುಕ್ಕೆಗಳ ಹೊಳಪು ತಗ್ಗುತ್ತಾ ಬರುತ್ತದೆ. ಬೆಳಕು ಅತಿಯಾಯಿತೆಂದು ತಿಳಿದ ಕೋಶಗಳು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಕಳೆಯಲು ಶುರುಮಾಡಿವೆ ಎಂದು ಅದರರ್ಥ. ಆದರೆ ಅಷ್ಟು ಚುಕ್ಕೆಗಳ ನಡುವೆ ಎಲ್ಲೋ ಒಂದು ಮಾತ್ರ ಮಂಕಾಗದೆ ಹೊಳೆಯುತ್ತಲೇ ಇರುತ್ತದೆ. ಅದಕ್ಕೆ ಶಕ್ತಿ ಕಳೆಯುವುದು ಗೊತ್ತಿಲ್ಲ. ಆ ಕೆಟ್ಟುಹೋದ ಒಂದು ಚುಕ್ಕೆಯೇ ವಿಜ್ಞಾನಿಗೆ ಬೇಕಾದದ್ದು.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಕಾರ್ನೆಗಿ ಸಂಸ್ಥೆಯಲ್ಲಿ ಕೃಷ್ಣ ನಿಯೋಗಿ, ಓಲೆ ಬ್ಯೋರ್ಕ್‌ಮನ್ ಮತ್ತು ಆರ್ಥರ್ ಗ್ರಾಸ್‌ಮನ್ ಹೀಗೆ ಹುಡುಕಿ, ಸಿಕ್ಕಿದ್ದನ್ನು 1997ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಪಾಚಿಯ ಹೆಸರು ಕ್ಲಮೈಡೊಮೊನಾಸ್. ಒಂದೇ ಕೋಶ, ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಗಾತ್ರ, ಈಜಲು ಎರಡು ಎಳೆ, ಬಟ್ಟಲಿನಂಥ ಒಂದೇ ಒಂದು ಹರಿದ್ರೇಣು. ಪ್ರಯೋಗಾಲಯಗಳಲ್ಲಿ ಇಂದು ಬೆಳೆಯುವ ಇದರ ಮುಖ್ಯ ತಳಿಯ ಮೂಲವನ್ನು 1945ರಲ್ಲಿ ಗಿಲ್ಬರ್ಟ್ ಸ್ಮಿತ್ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಬಳಿಯ ಮಣ್ಣಿನಿಂದ ತಂದಿದ್ದರು.

ಬಿಸಿಲನ್ನೇ ಉಣ್ಣುವ ಜೀವಿಗೆ ಬಿಸಿಲಿನಿಂದಲೇ ಅಜೀರ್ಣವಾಗುತ್ತದೆ. ಇಂಗಾಲವನ್ನು ಸಕ್ಕರೆಯಾಗಿಸುವ ಕಿಣ್ವಗಳ ವೇಗಕ್ಕೆ ಒಂದು ಮಿತಿಯಿದೆ. ನಡುಹಗಲಿನಲ್ಲಿ ಅದಕ್ಕೂ ಮೀರಿ ಬೆಳಕು ಸುರಿದಾಗ ಮಿಕ್ಕ ಶಕ್ತಿ ಆಮ್ಲಜನಕವನ್ನು ಕೆರಳಿಸಿ, ಕೋಶವನ್ನು ಒಳಗಿನಿಂದಲೇ ಸುಡುತ್ತದೆ. ಅದಕ್ಕೇ ಈ ಶಾಖದ ಕಿಂಡಿ ಬೇಕು.

ಅದೇ ಕಾರ್ನೆಗಿ ಸಂಸ್ಥೆಯಲ್ಲಿ ವಿನ್‌ಸ್ಲೋ ಬ್ರಿಗ್ಸ್ ಇನ್ನೊಂದು ದಾರಿ ಹಿಡಿದಿದ್ದರು. ಅವರಿಗೆ ಬೆಳಕು ಊಟವಲ್ಲ, ಸುದ್ದಿ. ಸಸಿ ಕಿಟಕಿಯ ಕಡೆಗೇ ಬಾಗುವುದೇಕೆ? ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರ ಪುಸ್ತಕದಲ್ಲೇ ಇದನ್ನು ಚರ್ಚಿಸಿದ್ದರು. ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆ ಹಾಕಿದರೆ ಅದು ಬಾಗುವುದಿಲ್ಲ ಎಂದು ತೋರಿಸಿದ್ದರು. ಬ್ರಿಗ್ಸ್ ಬಳಗಕ್ಕೆ 1988ರಲ್ಲಿ ಬಟಾಣಿ ಮೊಳಕೆಯಲ್ಲಿ, ನೀಲಿ ಬೆಳಕು ಬಿದ್ದ ಕೂಡಲೇ ಫಾಸ್ಫೇಟ್ ಅಂಟಿಸಿಕೊಳ್ಳುವ ಒಂದು ಪ್ರೋಟೀನ್ ಕಂಡಿತು. ಬೆಳಕಿನತ್ತ ಬಾಗದ ಅರಬಿಡಾಪ್ಸಿಸ್ ಗಿಡಗಳ ಜಾಡು ಹಿಡಿದು ಹೋದಾಗ ಆ ಪ್ರೋಟೀನಿನ ಜೀನ್ ಕೈಗೆ ಸಿಕ್ಕಿತು. ಅದು ಪ್ರಕಟವಾದದ್ದೂ 1997ರಲ್ಲೇ. ಮುಂದೆ ಅದಕ್ಕೆ ಫೋಟೊಟ್ರೋಪಿನ್ ಎಂಬ ಹೆಸರು ಬಂತು. ಒಂದು ತುದಿಯಲ್ಲಿ ನೀಲಿ ಬೆಳಕನ್ನು ಹಿಡಿಯುವ ಎರಡು ಭಾಗ, ಇನ್ನೊಂದು ತುದಿಯಲ್ಲಿ ಸಂದೇಶ ದಾಟಿಸುವ ಕೈನೇಸ್ ಎಂಬ ಕಿಣ್ವಭಾಗ.

ಒಂದೇ ಸಂಸ್ಥೆ, ಒಂದೇ ವರ್ಷ. ಇವೆರಡೂ ಒಂದೇ ಕತೆಯ ಎರಡು ತುಂಡು ಎಂದು ಗೊತ್ತಾಗಲು ಇನ್ನೂ ಹತ್ತೊಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಯಾರ ತಪ್ಪನ್ನೂ ನಾನು ಕಾಣೆ. ಬೆಳಕನ್ನು ಉಣ್ಣುವ ವ್ಯವಸ್ಥೆಯೇ ತನ್ನ ಹೊಟ್ಟೆ ತುಂಬಿದ್ದನ್ನು ತಾನೇ ಅರಿಯುತ್ತದೆ ಎಂದು ನಂಬಲು ಒಳ್ಳೆಯ ಕಾರಣಗಳಿದ್ದವು.

2009ರಲ್ಲಿ, ಆ ಹೊತ್ತಿಗೆ ಬರ್ಕ್ಲಿಯಲ್ಲಿದ್ದ ನಿಯೋಗಿ ಬಳಗ ಮತ್ತು ಸಂಗಡಿಗರು ಪಾಚಿಯ ಶಾಖದ ಕಿಂಡಿಯನ್ನು ಗುರುತಿಸಿದರು. ಅದೊಂದು ಪ್ರೋಟೀನ್, ಎಲ್‌ಎಚ್‌ಸಿಎಸ್‌ಆರ್3 ಎಂದು ಕರೆಯುತ್ತಾರೆ. ಗಿಡಗಳಲ್ಲಿ ಈ ಕೆಲಸ ಮಾಡುವ ಪ್ರೋಟೀನ್ ಸದಾ ಸಿದ್ಧವಾಗಿರುತ್ತದೆ. ಪಾಚಿ ಹಾಗಲ್ಲ, ಬೆಳಕು ಜೋರಾದ ಮೇಲೆ ಅದನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಹಾಗಿದ್ದರೆ ತಯಾರಿಸು ಎಂದು ಹೇಳುವವರು ಯಾರು?

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ದಿಮಿತ್ರಿಸ್ ಪೆತ್ರೌತ್ಸೋಸ್ ಮತ್ತು ಜೊವಾನಿ ಫಿನಾಜಿ, ಜಪಾನಿನ ಒಕಾಝಾಕಿಯಲ್ಲಿ ಜುನ್ ಮಿನಾಗಾವಾ, ಬರ್ಲಿನ್‌ನಲ್ಲಿ ಪೀಟರ್ ಹೆಗೆಮನ್ ಮುಂತಾದವರು ಕೂಡಿ ಮಾಡಿದ ಪರೀಕ್ಷೆ ಎಷ್ಟು ಸರಳವೆಂದರೆ, ಓದುವಾಗ ನನಗೆ ಸಂತೋಷದಿಂದ ಮೈ ಜುಮ್ಮೆಂದಿತು. ಪಾಚಿಗೆ ಒಮ್ಮೆ ಕೆಂಪು ಬೆಳಕು ಕೊಟ್ಟರು, ಒಮ್ಮೆ ಅಷ್ಟೇ ಪ್ರಮಾಣದ ನೀಲಿ ಬೆಳಕು. ಉಣ್ಣಲು ಕೆಂಪು ಬೆಳಕು ಏನೂ ಕಡಿಮೆಯಲ್ಲ. ದ್ಯುತಿಸಂಶ್ಲೇಷಣೆ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೂ ಕಿಂಡಿಯ ಪ್ರೋಟೀನ್ ಹೇರಳವಾಗಿ ಬಂದದ್ದು ನೀಲಿಯಲ್ಲಿ ಮಾತ್ರ. ನೀಲಿಯನ್ನು ಓದುವ ಕಣ್ಣೊಂದು ಇದರ ಹಿಂದಿದೆ ಎಂಬುದಕ್ಕೆ ಅದೇ ಸುಳಿವು.

ಆ ಕಣ್ಣು ಫೋಟೊಟ್ರೋಪಿನ್ನೇ ಇರಬಹುದೇ ಎಂದು ನೋಡಲು, ಅದು ಇಲ್ಲದ ಪಾಚಿಯನ್ನು ಪರೀಕ್ಷಿಸಿದರು. ಪ್ರಖರ ಬೆಳಕಿನಲ್ಲೂ ಕಿಂಡಿ ಕಟ್ಟಲು ಅದರ ಕೈಲಾಗಲಿಲ್ಲ, ಕೋಶಗಳು ಸೊರಗಿದವು. ಜೀನನ್ನು ಮರಳಿ ಸೇರಿಸಿದಾಗ ಶಕ್ತಿ ಮರಳಿತು. 2016ರ ಸೆಪ್ಟೆಂಬರಿನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಬ್ರಿಗ್ಸ್ ಆಗಿನ್ನೂ ಬದುಕಿದ್ದರು, ತೀರಿಕೊಂಡದ್ದು 2019ರಲ್ಲಿ.

ಅದೇ 2016ರಲ್ಲಿ, ಬಿಸಿಲಿನ ನೇರಳಾತೀತ ಕಿರಣಕ್ಕೂ ಪಾಚಿಯಲ್ಲಿ ಯುವಿಆರ್8 ಎಂಬ ಬೇರೆ ಕಾವಲುಗಾರನಿದ್ದಾನೆ, ಅವನೂ ರಕ್ಷಣೆಯ ಪ್ರೋಟೀನುಗಳನ್ನು ಎಬ್ಬಿಸುತ್ತಾನೆ ಎಂದು ತಿಳಿದುಬಂತು. ಅದೇ ವರ್ಷ ನಿಯೋಗಿ ಮತ್ತು ಸ್ಟೀಫನ್ ಲಾಂಗ್ ಬಳಗಗಳು ತಂಬಾಕು ಗಿಡದಲ್ಲಿ, ನೆರಳು ಬಿದ್ದಾಗ ಶಾಖದ ಕಿಂಡಿ ಬೇಗ ಮುಚ್ಚುವಂತೆ ಮಾಡಿ, ಹೊಲದಲ್ಲಿ ಬೆಳವಣಿಗೆಯನ್ನು ಸುಮಾರು ಶೇಕಡಾ 15ರಷ್ಟು ಹೆಚ್ಚಿಸಿ ತೋರಿಸಿದರು. ರೈತರ ಹೊಲಕ್ಕೆ ಈ ಜ್ಞಾನ ಸಂಬಂಧಪಡದು ಎನ್ನುವವರು ಈ ಪ್ರಯೋಗವನ್ನು ಗಮನಿಸಬೇಕು.

ಕಣ್ಣು ಕಂಡದ್ದು ಕಿಂಡಿಗೆ ತಲುಪುವ ಹಾದಿ 2019ರ ಹೊತ್ತಿಗೆ ಇನ್ನಷ್ಟು ಸ್ಪಷ್ಟವಾಯಿತು. ಕತ್ತಲಲ್ಲಿ ಈ ಜೀನುಗಳನ್ನು ಅದುಮಿ ಹಿಡಿಯುವ ಪ್ರೋಟೀನುಗಳ ಕೂಟವೊಂದಿದೆ. ಬೆಳಕಿನ ಸುದ್ದಿ ಬಂದಾಗ ಆ ಹಿಡಿತ ಸಡಿಲುತ್ತದೆ. ಆಗ ಮುಂದೆ ಬಂದು ಜೀನನ್ನು ಎಬ್ಬಿಸುವವುಗಳಲ್ಲಿ ಕಾನ್‌ಸ್ಟಾನ್ಸ್ ಎಂಬ ಪ್ರೋಟೀನ್ ಒಂದು ಎಂದು ಮಿನಾಗಾವಾ ಬಳಗ ಕಂಡುಕೊಂಡಿತು. ಅರಬಿಡಾಪ್ಸಿಸ್‌ನಲ್ಲಿ ಅದರ ಕೆಲಸ ಹಗಲಿನ ಉದ್ದವನ್ನು ಅಳೆದು ಹೂ ಬಿಡುವ ಕಾಲವನ್ನು ಹೇಳುವುದು. ಕ್ಲಮೈಡೊಮೊನಾಸ್ ಹೂ ಬಿಡುವುದಿಲ್ಲ.