ನೊಯ್ಯಲ್ ದಡದಲ್ಲಿ ಹುಸಿನೊಣ

ಶಿವರಾತ್ರಿ ಕಳೆಯಿತು, ಚಳಿ ಶಿವ ಶಿವ ಎಂದು ಹೊರಟುಹೋಯಿತು. ಕೊಯಮತ್ತೂರು ಬಳಿಯ ಸೋಮನೂರಿನಲ್ಲಿ ಬೆಳಕು ಹರಿಯುವ ಮುಂಚೆಯೇ ಪವರ್‌ಲೂಮ್‌ಗಳ ಲಟಪಟ ಶುರು. ಪಕ್ಕದ ಸಾಮಳಾಪುರಂ ಕೆರೆಯ ಕಡೆ ನಡೆದರೂ ಆ ಸದ್ದು ಸ್ವಲ್ಪ ದೂರ ಬೆನ್ನು ಬಿಡದು. ಏರಿ ಹತ್ತಿ ನೋಡಿದರೆ ನೀರು ದಡ ಬಿಟ್ಟು ಒಳಗೆ ಸರಿದಿದೆ. ಬಿರುಕು ಬಿಟ್ಟ ಕೆಸರು, ಬೇರು ತೋರುವ ಜಾಲಿ, ರೆಕ್ಕೆ ಹರವಿ ಮೈ ಒಣಗಿಸುವ ನೀರುಕಾಗೆ.

ವೆಳ್ಳಿಯಂಗಿರಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ದಾರಿಯುದ್ದಕ್ಕೂ ಅದರ ನೀರನ್ನು ಕೆರೆಗಳಿಗೆ ತಿರುಗಿಸುವ ಹಳೆಯ ಕಟ್ಟೆ-ಕಾಲುವೆಗಳಿವೆ. ಹಿಮದ ನಾಡುಗಳಲ್ಲಿ ವಸಂತವೆಂದರೆ ಹೊಳೆ ಉಕ್ಕುವ ಕಾಲ. ನಮ್ಮಲ್ಲಿ ಇಳಿಯುವ ಕಾಲ. ನೀರು ಇಳಿದಷ್ಟೂ ಮೀನಿಗೆ ಅಡಗುವ ಜಾಗ ಕಡಿಮೆ, ಅಂಜಿಕೆ ಹೆಚ್ಚು. ದಡದ ಮೇಲೆ ನೆರಳು ಅಲ್ಲಾಡಿದರೂ ಅದು ಮಾಯ. ಮೆಲ್ಲಗೆ ಹೆಜ್ಜೆಯಿಡುವುದೇ ಈ ಹಂಗಾಮಿನ ಅರ್ಧ ವಿದ್ಯೆ.

ಎರೆಹುಳು ಸಿಕ್ಕಿಸಿದ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ನೊಣದ ಸೋಗು ಹಾಕಿದ ಕೊಕ್ಕೆಯಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನಲ್ಲಿ ಇದು ತಿರುಗುಮುರುಗು: ದಪ್ಪ ದಾರದ ತೂಕವೇ ಹಗುರವಾದ ಹುಸಿನೊಣವನ್ನು ಹೊತ್ತೊಯ್ಯಬೇಕು. ಅದಕ್ಕೇ ಕೋಲು ಹಿಂದೆ ಬೀಸಿ, ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಮುಂದೆ ಬೀಸಬೇಕು. ಹುಸಿನೊಣಕ್ಕೆ ಬೇಕಾದದ್ದು ಕೊಕ್ಕೆ, ಹುಂಜದ ಕತ್ತಿನ ಗರಿ, ಸುತ್ತಲು ಒಂದಿಷ್ಟು ನೂಲು. ಕೊಯಮತ್ತೂರು ಸೀಮೆಯ ಎಷ್ಟೋ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಇಂಥ ನೇಕಾರರ ಸೀಮೆಯಲ್ಲಿ ನೂಲಿಗೇನು ಬರ?

ಕೆರೆಯಲ್ಲಿ ಈ ಕೋಲಿಗೆ ತಕ್ಕ ಎದುರಾಳಿ ಕೊರವ ಮೀನು, ತಮಿಳರ ವಿರಾಲ್. ಜೊಂಡಿನ ಅಂಚಿನಲ್ಲಿ ಕಣ್ಣಿಟ್ಟರೆ ಸಾಕು, ಹಾವಿನ ತಲೆಯಂಥ ಮೂತಿ ಮೇಲೆದ್ದು, ಗುಳುಕ್ಕೆಂದು ಗಾಳಿ ನುಂಗಿ, ಒಂದು ಉಂಗುರ ಬಿಟ್ಟು ಮುಳುಗುತ್ತದೆ. ಕಿವಿರಿನ ಉಸಿರು ಸಾಲದ ಮೀನು ಅದು. ಮತ್ತೆ ಮೇಲೆ ಬರಲೇಬೇಕು. ಉಂಗುರದಾಚೆ ಕಪ್ಪೆಯಂತೆ ಕಟ್ಟಿದ ತೇಲುನೊಣವನ್ನು ಇಳಿಸಿ, ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ನೀರು ಸಿಡಿದೊಡನೆ ಕೋಲೆತ್ತಿದರೆ ಬರಿಗೈ. ಬಾಯಿ ಮುಚ್ಚಿ ತಿರುಗಲು ಅದಕ್ಕೊಂದು ಕ್ಷಣ ಕೊಡಬೇಕು. ಬಿಸಿಲೇರಿದ ಮೇಲೆ ಕೂತು ಫಲವಿಲ್ಲ, ಬೆಳಗು-ಬೈಗುಗಳೇ ಹೊತ್ತು. ಕೆಂಪು ಮರಿಗಳ ಹಿಂಡು ನೀರ ಮೇಲೆ ಗುಳುಗುಳು ಆಡುವುದು ಕಂಡರೆ ಕೋಲು ಮಡಚಬೇಕು. ಕೆಳಗೆ ತಂದೆತಾಯಿ ಕಾವಲಿರುತ್ತವೆ.

ಇಲ್ಲಿಂದ ಸುಮಾರು ನೂರು ಕಿ.ಮೀ. ಆಚೆ, ನೀಲಗಿರಿಯ ಮೇಲೆ, ಆಟವೇ ಬೇರೆ. ಅಲ್ಲಿನ ತೊರೆಗಳಿಗೆ ಟ್ರೌಟ್ ಮೀನು ತರಲು ಮೀನುತಜ್ಞ ಫ್ರಾನ್ಸಿಸ್ ಡೇ 1863ರಲ್ಲೇ ಹೆಣಗಿದ, ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೀನುಸಾಕಣೆಯ ಪರಿಣತ ಎಚ್.ಸಿ. ವಿಲ್ಸನ್ ಗೆದ್ದ, ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಎದ್ದಿತು. ಫೆಬ್ರವರಿಯ ಮುಂಜಾನೆ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ಮೀನು ಜಡವಾಗಿರುತ್ತದೆ. ನೀರಿಗೆ ಬಿಸಿಲು ತಾಗಿದ ಮೇಲೇ ಅದಕ್ಕೆ ಹಸಿವು. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಮೊದಲು ತಳದಲ್ಲಿ ಉರುಳುವ ಮರಿಹುಳದ ಸೋಗು. ಮೀನು ಮೇಲೇಳತೊಡಗಿದರೆ ತೇಲುವ ನೊಣ.

ಇನ್ನು ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳದಿಂದೆತ್ತಿದ 120 ಪೌಂಡಿನ ಮೀನು ಇಂದಿಗೂ ದಂತಕಥೆ. ಆ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿಯೇ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಅದನ್ನು ಅದರ ಪಾಡಿಗೆ ಬಿಡುವುದೇ ಮೇಲು.

ಹುಸಿನೊಣ ನಡೆಯುವುದು ನಿಜನೊಣ ಇರುವಲ್ಲಿ ಮಾತ್ರ. ತಿಳಿನೀರ ತೊರೆಯಲ್ಲಿ ಒಂದು ಕಲ್ಲು ಮಗುಚಿದರೆ ಅದರಡಿಯಲ್ಲಿ ಚಪ್ಪಟೆ ಮೈಯ, ಬಾಲ ಸೀಳಿದ ಕೀಟದ ಮರಿಗಳು ಹರಿದಾಡುತ್ತವೆ. ಕೊಳಚೆ ಸೇರಿದೊಡನೆ ಮೊದಲು ಸಾಯುವವು ಅವೇ. ಕೊನೆಗೆ ಉಳಿಯುವುದು ಕೆಸರಿನ ಕೆಂಪು ಹುಳು. ನೊಯ್ಯಲ್ ಕೊಯಮತ್ತೂರಿನ ಚರಂಡಿಗಳನ್ನು ಹೊತ್ತೇ ಸೋಮನೂರಿಗೆ ಬರುತ್ತದೆ. ಮುಂದೆ ತಿರುಪ್ಪೂರಿನ ಬಣ್ಣದ ನೀರು ಅದನ್ನು ಎಷ್ಟು ಕೆಡಿಸಿತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಬೇಕಾಯಿತು.

ಈ ವಸಂತದಲ್ಲಿ ಯಾವ ಹೊಳೆಗೇ ಹೋಗಿ, ಅನುಮತಿ ಕೇಳಿ, ಮುಳ್ಳಿಲ್ಲದ ಕೊಕ್ಕೆ ಕಟ್ಟಿ, ಹಿಡಿದದ್ದನ್ನು ಒದ್ದೆ ಕೈಯಲ್ಲೇ ಬಿಡಿ. ಆದರೆ ಕೋಲು ಬಿಚ್ಚುವ ಮೊದಲು ಒಂದು ಕಲ್ಲು ಮಗುಚಿ ನೋಡಿ. ಅದರಡಿಯಲ್ಲಿ ಏನೂ ಇಲ್ಲದಿದ್ದರೆ ಆ ಹೊಳೆಗೆ ಬೇಕಾದದ್ದು ಗಾಳ ಹಾಕುವವರಲ್ಲ, ಕಾಯುವವರು.