ಬೇಕೆಂಬ ಬಯಕೆ, ನನ್ನದೆಂಬ ನಂಟು

ಆಸೆಯೇ ದುಃಖಕ್ಕೆ ಮೂಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಒಂದು ಕಂಬಳಿ ಬೇಕು, ಒಂದು ಹಿತ್ತಾಳೆಯ ಚೊಂಬು ಬೇಕು ಎಂಬ ಬಯಕೆಯನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ? ಶ್ರೋತೃಗಳು ಇದನ್ನು ಕೊಂಚ ವಿಚಾರಿಸಬೇಕೆಂದು ನನ್ನ ಬಿನ್ನಹ.

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ನಮಗೆ ಮಲೆನಾಡೂ ಕಾಫಿಯ ತೋಟವೂ ನೆನಪಾಗುತ್ತವೆ. ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಾದರೋ ಬಯಲುಸೀಮೆಗೆ ಸೇರಿದ್ದು, ಮಳೆ ಕಡಿಮೆ, ರಾಗಿ, ತೆಂಗು, ಕುರಿ ಇವೇ ಬದುಕಿನ ಆಧಾರ. ಇಂಥ ನಾಡಿನ ಕುರಿಗಾಹಿಗೆ ಕರಿಯ ಕಂಬಳಿ ಬಹು ಹತ್ತಿರದ ವಸ್ತು. ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಕೈಯಿಂದ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಸರಿಯನ್ನು ಹಚ್ಚಿ ಮಗ್ಗದಲ್ಲಿ ನೇಯುವುದು ಅದರ ಕ್ರಮ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ, ಹೊದೆದಷ್ಟೂ ಮೆತ್ತಗಾಗುತ್ತದೆ. ಮಳೆ ಬಂದರೆ ಅದೇ ಕೊಪ್ಪೆ, ರಾತ್ರಿ ಹಾಸಿಗೆ, ಬಂದವರಿಗೆ ಕೂರಲು ಹಾಸು, ದೇವರ ಕಾರ್ಯದಲ್ಲಿ ಗದ್ದುಗೆ.

ವಸ್ತುವಿನೊಡನೆ ಬೆಳೆಯುವ ಈ ನಂಟನ್ನು ಮನಶ್ಶಾಸ್ತ್ರಜ್ಞರೂ ಗಮನಿಸಿದ್ದಾರೆ. ‘ನಾನು’ ಎಂಬುದಕ್ಕೂ ‘ನನ್ನದು’ ಎಂಬುದಕ್ಕೂ ನಡುವೆ ಗೆರೆಯೆಳೆಯುವುದು ಕಷ್ಟವೆಂದು ಅಮೆರಿಕದ ವಿಲಿಯಂ ಜೇಮ್ಸರು 1890ರ ತಮ್ಮ ಗ್ರಂಥದಲ್ಲಿ ತೋರಿಸಿದರು. ನೂರು ವರ್ಷಗಳ ತರುವಾಯ, 1990ರಲ್ಲಿ, ಕಾನೆಮನ್, ನೆಚ್, ಥೇಲರ್ ಎಂಬ ಮೂವರು ವಿದ್ವಾಂಸರು ತಾವು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣವಾದ ಕಾಫಿ ಬಟ್ಟಲನ್ನು ಕೊಟ್ಟು, ಎಷ್ಟಕ್ಕೆ ಮಾರುವಿರೆಂದು ಕೇಳಲಾಯಿತು. ಉಳಿದವರನ್ನು, ಎಷ್ಟಕ್ಕೆ ಕೊಳ್ಳುವಿರೆಂದು. ಬಟ್ಟಲನ್ನು ಪಡೆದಿದ್ದವರು ಕೇಳಿದ ಬೆಲೆ, ಇತರರು ಕೊಡಲೊಪ್ಪಿದ ಬೆಲೆಗೆ ಸುಮಾರು ಎರಡರಷ್ಟಿತ್ತು! ಪಡೆಯುವ ಸುಖಕ್ಕಿಂತ ಕಳೆದುಕೊಳ್ಳುವ ನೋವು ದೊಡ್ಡದೆಂಬುದು ಅವರ ವಿವರಣೆ.

ಕೆಲವೇ ನಿಮಿಷಗಳ ಒಡೆತನಕ್ಕೆ ಇಷ್ಟು ಬಲವಿದ್ದರೆ, ಹಲವು ಮಳೆಗಾಲಗಳನ್ನು ಕಂಡ ಕಂಬಳಿಯ ಮಾತೇನು? ಅದರ ಮೇಲಿನ ಮಮತೆಯನ್ನು ಲೋಭವೆನ್ನಲಾಗದು. ಲೋಭಿಯ ಕಣ್ಣು ಇನ್ನೂ ಇಲ್ಲದುದರ ಮೇಲೆ. ಕಂಬಳಿಯವನ ಕೈ ಇರುವುದರ ಮೇಲೆ. ಅದರ ಯಾವ ಅಂಚು ಸವೆದಿದೆ, ಎಲ್ಲಿ ಹೊಲಿಗೆ ಬಿದ್ದಿದೆ ಎಂಬುದನ್ನು ಆತನು ಕತ್ತಲೆಯಲ್ಲೂ ಬಲ್ಲನು.

ಪಟ್ಟಣವಾಸಿಗಳಾದ ನಮ್ಮ ಕಷ್ಟವೇ ಬೇರೆ. ಗಿರಣಿಯ ಹೊದಿಕೆ ಅಗ್ಗವಾಗಿ ಸಿಕ್ಕುತ್ತದೆ. ಒಂದು ಮೆತ್ತಗಾಗುವ ಮೊದಲೇ ಮತ್ತೊಂದನ್ನು ತರುತ್ತೇವೆ. ಕೊಂಡದ್ದು ಹೆಚ್ಚಿದೆ, ನಮ್ಮದಾದುದು ಕಡಿಮೆ. ಮನೆಯ ಬೀರುವನ್ನೊಮ್ಮೆ ತೆರೆದು, ಇದರಲ್ಲಿ ಯಾವುದು ಕಳೆದುಹೋದರೆ ನಾಳೆಯೇ ಕೈ ಅದನ್ನು ಹುಡುಕೀತು ಎಂದು ಕೇಳಿಕೊಳ್ಳೋಣ. ಹಾಗೆ ಹುಡುಕುವಷ್ಟು ಮಾತ್ರ ನಮ್ಮ ನಿಜವಾದ ಆಸ್ತಿ.